ಚೌತಿ ಚಂದ್ರನನ್ನು ನೋಡಿದ ಗೋಲ್‌ಕೀಪರ್

ದಾವಣಗೆರೆಗೆ ಒಂದು ಕಾಲದಲ್ಲಿ 'ಕರ್ನಾಟಕದ ಮ್ಯಾಂಚೆಸ್ಟರ್' ಅನ್ನುತ್ತಿದ್ದರು. ಊರ ತುಂಬಾ ಹತ್ತಿ ಗಿರಣಿಗಳಿದ್ದವು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ದಾವಣಗೆರೆ ಕಾಟನ್ ಮಿಲ್ಲಿನ ಗುರುತಿಗೆ ಡಿಸಿಎಂ ಟೌನ್‌ಶಿಪ್ ಅಂತ ಬಡಾವಣೆಗೆ ಹೆಸರು ಉಳಿಯಿತು, ಬಿರುದನ್ನು ಮಾತ್ರ ಯಾರೂ ವಾಪಸ್ ಕೇಳಲಿಲ್ಲ. ಆ ಬಿರುದಿನ ಬಲದ ಮೇಲೆ ನಾವು ಕೆಲವರು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡವನ್ನು ಸ್ವಂತದ್ದು ಅಂದುಕೊಂಡಿದ್ದೇವೆ. ಊರಲ್ಲಿ ಮಿಕ್ಕವರಿಗೆ ಆಟ ಅಂದರೆ ಕ್ರಿಕೆಟ್. ಅದು ತಪ್ಪೂ ಅಲ್ಲ. 'ದಾವಣಗೆರೆ ಎಕ್ಸ್‌ಪ್ರೆಸ್' ವಿನಯ್ ಕುಮಾರ್ ಸಾಲಾಗಿ ಎರಡು ಸಲ ರಣಜಿ ಟ್ರೋಫಿ ಎತ್ತಿದವರು. ನಮ್ಮ ಅಣ್ಣನ ಮಗನೊಬ್ಬ ಮಾತ್ರ ಯುನೈಟೆಡ್‌ನ ಪಕ್ಕಾ ಎದುರಾಳಿ ಮ್ಯಾಂಚೆಸ್ಟರ್ ಸಿಟಿ ಕಡೆ. ಯಾಕಲೇ ಅಂದರೆ, "ದಾವಣಗೆರೆ ಸ್ಮಾರ್ಟ್ ಸಿಟಿ ಆಗೈತಲ್ಲ ಚಿಕ್ಕಪ್ಪ" ಅಂತಾನೆ. ಇಂಥವರನ್ನು ಇಂಜಿನಿಯರಿಂಗ್ ಓದಿಸಬಾರದು.

ಸಂಜೆ ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ ನಮ್ಮ ಸಭೆ ಸೇರುತ್ತದೆ. ಅಧ್ಯಕ್ಷತೆ ನಿವೃತ್ತ ಪಿ.ಟಿ. ಮೇಷ್ಟ್ರದು. ಅವರಿಗೆ ಗೋಲ್‌ಕೀಪರ್ ಅಂದರೆ ಪೀಟರ್ ಸ್ಮೈಕೆಲ್ ಒಬ್ಬನೇ. 1991ರಿಂದ 1999ರವರೆಗೆ ಯುನೈಟೆಡ್‌ನಲ್ಲಿ ಇದ್ದವನು. ಆಮೇಲೆ ಬಂದವರಿಗೆಲ್ಲ ಮೇಷ್ಟ್ರ ರಿಜಿಸ್ಟರಿನಲ್ಲಿ ಗೈರುಹಾಜರಿ. ಸ್ಮೈಕೆಲ್ ಹೋದ ವರ್ಷವೇ ಇಟಲಿಯಿಂದ ಮಾಸ್ಸಿಮೊ ತೈಬಿ ಅನ್ನುವವನು ಬಂದಿದ್ದ. ಸೌತಾಂಪ್ಟನ್ ವಿರುದ್ಧ ನೆಲಕ್ಕೆ ತೆವಳಿಕೊಂಡು ಬಂದ ಚೆಂಡು ಅವನ ಕಾಲ ಸಂದಿಯಲ್ಲಿ ನುಸುಳಿ ಗೋಲಾಯಿತು. ನಾಲ್ಕು ಪಂದ್ಯಕ್ಕೆ ಅವನ ಕಥೆ ಮುಗಿಯಿತು. ಈಗಲೂ ಯಾರ ಕೈಯಿಂದಲಾದರೂ ಮಿರ್ಚಿ ಜಾರಿದರೆ ಮೇಷ್ಟ್ರು "ಏನಲೇ ತೈಬಿ" ಅಂತಾರೆ.

ಎದುರು ಪಕ್ಷದ ವಕೀಲ ಮೆಡಿಕಲ್ ಶಾಪಿನ ಗೆಳೆಯ. ಅವನ ಕಕ್ಷಿದಾರ ಆಂದ್ರೆ ಒನಾನಾ. ಡೇವಿಡ್ ಡಿ ಹೇಯಾ ಅನ್ನುವ ಗೋಲ್‌ಕೀಪರನ್ನು ಹನ್ನೆರಡು ವರ್ಷ ದುಡಿಸಿಕೊಂಡು, ಅತಿ ಹೆಚ್ಚು ಪಂದ್ಯಗಳಲ್ಲಿ ಗೋಲು ಬಿಡದವನಿಗೆ ಕೊಡುವ ಗೋಲ್ಡನ್ ಗ್ಲೋವ್ ಅವನು ಗೆದ್ದ ವರ್ಷವೇ, 2023ರಲ್ಲಿ, ಮನೆಗೆ ಕಳಿಸಿದರು. ಆ ಜಾಗಕ್ಕೆ ಬಂದವನು ಒನಾನಾ. ಆಗಿನ ಮ್ಯಾನೇಜರ್ ಟೆನ್ ಹಾಗ್‌ಗೆ ನೆದರ್ಲೆಂಡ್ಸಿನ ಅಯಾಕ್ಸ್ ತಂಡದ ಕಾಲದಿಂದಲೂ ಪರಿಚಯದ ಹುಡುಗ.

"ಕಾಲಲ್ಲಿ ಎಷ್ಟು ಚೆನ್ನಾಗಿ ಪಾಸ್ ಕೊಡ್ತಾನೆ ನೋಡ್ರಿ ಮೇಷ್ಟ್ರೇ."

"ಹೌದಪ್ಪಾ. ಮತ್ತೆ ದೇವರು ಕೈ ಯಾಕೆ ಕೊಟ್ಟಾನೆ?"

ಗೆಳೆಯ ಬಿಡುವುದಿಲ್ಲ. ಇಂಟರ್ ಮಿಲಾನ್ ತಂಡವನ್ನು ಚಾಂಪಿಯನ್ಸ್ ಲೀಗ್ ಫೈನಲ್‌ವರೆಗೆ ತಂದವನು, ಕೋಪನ್‌ಹೇಗನ್ ತಂಡಕ್ಕೆ ಸಿಕ್ಕ ಕೊನೇ ಗಳಿಗೆಯ ಪೆನಾಲ್ಟಿ ಹಿಡಿದವನು, 2024ರಲ್ಲಿ ಎಫ್‌ಎ ಕಪ್ ಗೆದ್ದವನು ಅಂತ ಪಟ್ಟಿ ಹೇಳುತ್ತಾನೆ. ಮೇಷ್ಟ್ರು ಲಿಯಾನ್ ಅನ್ನುತ್ತಾರೆ. ಅಲ್ಲಿಗೆ ಗೆಳೆಯನ ಬಾಯಿ ಬಂದ್. 2025ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಲಿಯಾನ್ ತಂಡದ ಮೇಲಿನ ಪಂದ್ಯಕ್ಕೆ ಮುಂಚೆ ಒನಾನಾ, ಅವರಿಗಿಂತ ನಾವು ಎಷ್ಟೋ ಮೇಲು ಅಂದಿದ್ದ. ಯುನೈಟೆಡ್‌ನಲ್ಲೇ ಆಡಿ ಹೋಗಿ ಲಿಯಾನ್ ಸೇರಿದ್ದ ಮಾಟಿಚ್ ಸುಮ್ಮನಿರಲಿಲ್ಲ. ಯುನೈಟೆಡ್ ಕಂಡ ಅತಿ ಕಳಪೆ ಗೋಲ್‌ಕೀಪರುಗಳಲ್ಲಿ ಒಬ್ಬ ಈ ಮಾತು ಆಡಬಾರದು ಅಂತ ಕುಟುಕಿದ. ಪಂದ್ಯ 2-2. ಲಿಯಾನ್‌ನ ಎರಡೂ ಗೋಲಿನಲ್ಲಿ ಒನಾನಾ ಎಡವಟ್ಟು. ಬಾಯಿ ಮುಚ್ಚಿಕೊಂಡು ಆಡಿದ್ದರೆ ಎರಡೂ ಗೋಲನ್ನು ಜನ ಮರೆಯುತ್ತಿದ್ದರು ಅನ್ನುವುದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಮಾತಿನ ಮಟ್ಟಕ್ಕೇ ಇತ್ತು. ಮನೆಗೆ ಬಂದು ವಕ್ಕರಿಸಿದ್ದು 2025ರ ಆಗಸ್ಟ್ 27ಕ್ಕೆ. ಅವತ್ತು ಗಣೇಶ ಚೌತಿ. ಮನೆಯಲ್ಲಿ ಗಣಪ್ಪನನ್ನು ಕೂರಿಸಿದ್ದೆವು. ಕಡುಬು ತಿನ್ನಲು ಬಂದ ಮೇಷ್ಟ್ರು ಮತ್ತು ಮೆಡಿಕಲ್ ಗೆಳೆಯ ಪಂದ್ಯ ನೋಡಲು ಉಳಿದರು. ಲೀಗ್ ಕಪ್, ನಾಲ್ಕನೇ ದರ್ಜೆಯ ಗ್ರಿಮ್ಸ್‌ಬಿ ಟೌನ್ ಮೇಲೆ. ಮೀನುಗಾರರ ಊರು. ಅಲ್ಲಿನ ಅಭಿಮಾನಿಗಳು ಗಾಳಿ ತುಂಬಿದ ಪ್ಲಾಸ್ಟಿಕ್ ಮೀನು ಬೀಸುತ್ತಾ ಕೂರುತ್ತಾರೆ. ನಮ್ಮ ಗಡಿಯಾರದಲ್ಲಿ ರಾತ್ರಿ ಹನ್ನೆರಡೂವರೆಗೆ ಶುರು. ದೊಡ್ಡಪ್ಪ ದೊಡ್ಡಮ್ಮ ಮಲಗಿದ್ದರಿಂದ ಟಿವಿಯ ಸೌಂಡ್ ಪೂರ್ತಿ ಬಂದ್. ಅರ್ಧ ಗಂಟೆಯಲ್ಲಿ ಎರಡು ಗೋಲು ತಿಂದೆವು. ಎರಡನೆಯದಕ್ಕಂತೂ ಒನಾನಾ ಮೇಲಿನ ಚೆಂಡಿಗೆ ಹಾರಿ, ಅದು ಕೈಗೆ ಸಿಗದೆ, ಹಿಂದಿದ್ದವನ ಕಾಲಿಗೆ ಸಿಕ್ಕಿತು. ಮೇಷ್ಟ್ರು ಏನೂ ಅನ್ನಲಿಲ್ಲ. ಕಡುಬಿನ ತಟ್ಟೆ ದೂರ ಸರಿಸಿದರು.

ಕೊನೆಗೆ ಹೇಗೋ 2-2 ಆಗಿ ಪೆನಾಲ್ಟಿಗೆ ಹೋಯಿತು. ಅಲ್ಲಿಂದ ಬೇರೆಯದೇ ಹಿಂಸೆ. ಅಣ್ಣನ ಮಗ ಒಳಕೋಣೆಯಲ್ಲಿ ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದ. ಅವನದು ನಮ್ಮ ಟಿವಿಗಿಂತ ಅರ್ಧ ನಿಮಿಷ ಮುಂದಿತ್ತು. ಇತ್ತ ನಮ್ಮವನು ಚೆಂಡನ್ನು ಚುಕ್ಕೆ ಮೇಲೆ ಇಡುತ್ತಿದ್ದಾನೆ, ಅತ್ತ ಕೋಣೆಯಿಂದ ನಗು ಬರುತ್ತದೆ. ನಗು ಬಂದರೆ ನಮಗೆ ನಷ್ಟ, ಬರದಿದ್ದರೆ ಬಚಾವ್. ಮೇಷ್ಟ್ರು ಟಿವಿ ನೋಡುವುದನ್ನೇ ಬಿಟ್ಟು ಕೋಣೆಯ ಬಾಗಿಲು ನೋಡುತ್ತಾ ಕೂತರು. ಮ್ಯಾನೇಜರ್ ಅಮೊರಿಮ್ ಕೂಡ ನೋಡುತ್ತಿರಲಿಲ್ಲ. ಪಂದ್ಯದಲ್ಲಿ ಪುಟ್ಟ ಹಲಗೆ ಮೇಲೆ ಬಿಲ್ಲೆ ಜರುಗಿಸುತ್ತಿದ್ದವನು ಪೆನಾಲ್ಟಿ ಹೊತ್ತಿಗೆ ಡಗ್‌ಔಟಿನಲ್ಲಿ ಅಡಗಿ ಕೂತಿದ್ದ. "ಬಿಪಿ ಇರೋರು ಹಂಗೇ ಮಾಡ್ಬೇಕ್ರೀ" ಅಂದ ಮೆಡಿಕಲ್ ಗೆಳೆಯ.

ಒಟ್ಟು 26 ಕಿಕ್. ಒನಾನಾ ಒಂದನ್ನು ಹಿಡಿದ, ಹನ್ನೆರಡನ್ನು ಬಿಟ್ಟ. ಕೊನೆಯಲ್ಲಿ ನಮ್ಮ ಎಂಬ್ಯೂಮೊ ಹೊಡೆದದ್ದು ಮೇಲಿನ ಕಂಬಕ್ಕೆ ಬಡಿದು ವಾಪಸ್ ಬಂತು. 12-11. ಮೂವತ್ತು ವರ್ಷ ಬೆಳಗಿನ ಡ್ರಿಲ್‌ಗೆ ಪಳಗಿದ ಗಂಟಲಿನಿಂದ ಮೇಷ್ಟ್ರು "ಅಯ್ಯಯ್ಯಪ್ಪೋ, ಹೋಯ್ತಲ್ಲೋ!" ಅಂತ ಕೂಗಿದರು. ಓಣಿಯ ನಾಯಿಗಳೆಲ್ಲ ಎದ್ದವು. ಪಕ್ಕದ ಮನೆಯ ಲೈಟ್ ಹತ್ತಿತು. ಆಂಟಿ ಸೆರಗು ಹೊದ್ದುಕೊಂಡು ಗೇಟಿಗೆ ಬಂದರು.

"ಏನಾಯ್ತಪ್ಪಾ?"

"ಉಳಿಸ್ಕೊಳ್ಳೋಕೆ ಆಗ್ಲಿಲ್ಲಮ್ಮಾ" ಅಂದರು ಮೇಷ್ಟ್ರು, ಕನ್ನಡಕ ತೆಗೆದು ಒರೆಸುತ್ತಾ.

"ಅಯ್ಯೋ ಶಿವನೇ. ವಯಸ್ಸೆಷ್ಟು?"

ಮೆಡಿಕಲ್ ಗೆಳೆಯ ಎಂಥ ಹೊತ್ತಲ್ಲೂ ಲೆಕ್ಕ ತಪ್ಪುವವನಲ್ಲ. "ಇಪ್ಪತ್ತೊಂಬತ್ತು" ಅಂದ.

"ಬಾಳಿ ಬದುಕೋ ವಯಸ್ಸು. ಯಾವೂರು?"

"ಕ್ಯಾಮರೂನ್."

"ಅದೆಲ್ಲಿ ಬರುತ್ತೆ, ಜಗಳೂರು ಕಡೆನಾ?"

ಅಷ್ಟರಲ್ಲಿ ಅಂಕಲ್ ಹಿಂದಿನಿಂದ ಬಂದು, ದನಿ ತಗ್ಗಿಸಿ, "ಮಣ್ಣು ಎಷ್ಟೊತ್ತಿಗೆ?" ಅಂತ ಕೇಳಿದರು. ಬಿಡಿಸಿ ಹೇಳುವ ಚೈತನ್ಯ ನಮ್ಮ ಮೂವರಲ್ಲಿ ಯಾರಿಗೂ ಇರಲಿಲ್ಲ. ಬೆಳಗ್ಗೆ ಆರಕ್ಕೆ ಆಂಟಿ ಫ್ಲಾಸ್ಕ್ ತುಂಬಾ ಟೀ ತಂದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ. ದೊಡ್ಡಮ್ಮ ಗಾಬರಿಯಾಗಿ, ಗಣಪ್ಪನನ್ನು ಕೂರಿಸಿದ ಮನೆಗೆ ಯಾವ ಸೂತಕ ಅಂತ ವಿಚಾರಣೆಗೆ ಕೂತರು. ಅಣ್ಣನ ಮಗ ಎಲ್ಲ ಬಿಡಿಸಿ ಹೇಳಿದ. ಆಂಟಿ ಫ್ಲಾಸ್ಕ್ ವಾಪಸ್ ಒಯ್ಯಲಿಲ್ಲ, ಅದು ಅವರ ದೊಡ್ಡತನ. ದೊಡ್ಡಮ್ಮ ಮಾತ್ರ ಪೂರ್ತಿ ಕೇಳಿ ತೀರ್ಪು ಕೊಟ್ಟರು.

"ಚೌತಿ ಚಂದ್ರನ್ನ ನೋಡ್ಯಾನೆ ಕಣ್ರೋ ಆ ಹುಡುಗ. ಹನ್ನೊಂದು ಜನ ಆಡಿ ಸೋತ್ರೆ ಅಪವಾದ ಅವನೊಬ್ಬನ ತಲೆ ಮೇಲೆ ಬಂದೈತಲ್ಲ, ಮತ್ಯಾಕೆ?"

ಸಾಕ್ಷಾತ್ ಕೃಷ್ಣನನ್ನೇ ಬಿಡದ ಅಪವಾದ, ಕ್ಯಾಮರೂನಿನವನನ್ನು ಬಿಡುತ್ತದಾ? ಮೆಡಿಕಲ್ ಗೆಳೆಯನಿಗೆ ಇಷ್ಟು ದಿನ ಸಿಗದಿದ್ದ ಸಾಕ್ಷಿ ಸಿಕ್ಕಿತು. ಇನ್ನು ದೊಡ್ಡಪ್ಪ. ಕಾಟನ್ ಮಿಲ್ಲಿನಲ್ಲಿ ದುಡಿದವರು. ಮಾಲೀಕರು ಯಾರು ಅಂತಷ್ಟೇ ಕೇಳಿದರು. ಗ್ಲೇಜರ್ ಅಂತ ಅಮೆರಿಕದವರು, 2005ರಲ್ಲಿ ಸಾಲ ಮಾಡಿ ಕ್ಲಬ್ ಕೊಂಡು, ಆ ಸಾಲವನ್ನು ಕ್ಲಬ್ಬಿನ ತಲೆಗೇ ಕಟ್ಟಿದರು ಅಂದೆ. ದೊಡ್ಡಪ್ಪ ಟೀ ಲೋಟ ಕೆಳಗಿಟ್ಟರು. "ಮಿಲ್ ಮುಚ್ಚಿದ್ದಕ್ಕೆ ಗೇಟ್ ವಾಚ್‌ಮನ್‌ನ ಬೈದಂಗಾಯ್ತು ನಿಮ್ಮ ಕಥೆ" ಅಂದರು.

ನನಗೆ ಇದು ಸರಿ ಅನಿಸಿತು. ಸಾಲದ ಲೆಕ್ಕ ನಮಗೆ ತಿಳಿಯುವುದಿಲ್ಲ. ಮ್ಯಾನೇಜರ್ ಫರ್ಗ್ಯುಸನ್ 2013ರಲ್ಲಿ ಇಳಿದ ಮೇಲೆ ಮೋಯ್ಸ್, ವಾನ್ ಗಾಲ್, ಮೊರಿನ್ಯೊ, ಸೋಲ್ಷರ್, ಟೆನ್ ಹಾಗ್, ಅಮೊರಿಮ್ ಅಂತ ಬಂದವರ ತಂತ್ರಗಳೂ ಅರ್ಧಂಬರ್ಧ. ಚೆಂಡು ಕೈಜಾರಿದ್ದು ಮಾತ್ರ ಎಲ್ಲರಿಗೂ ಕಾಣುತ್ತದೆ.

ಪತ್ರಿಕೆಯವರಿಗೂ ಅಷ್ಟೇ ಕಾಣುತ್ತದೆ. ಇಂಗ್ಲೆಂಡಿನಲ್ಲಿ ನೆವಿಲ್, ಕೀನ್, ಸ್ಕೋಲ್ಸ್, ಫರ್ಡಿನಾಂಡ್ ಅಂತ ಯುನೈಟೆಡ್‌ನ ಹಳೇ ಹುಲಿಗಳೆಲ್ಲ ಮೈಕ್ ಹಿಡಿದು ಕೂತಿದ್ದಾರೆ. ಅಲ್ಲಿ ಕ್ಲಬ್ ಕೆಮ್ಮಿದರೂ ಸುದ್ದಿ, ಇಲ್ಲಿ ಸತ್ತರೂ ಸುದ್ದಿಯಿಲ್ಲ. ನಮ್ಮೂರಿಗೆ ಬರುವ ಪೇಪರ್ ಮಧ್ಯರಾತ್ರಿಯೊಳಗೆ ಅಚ್ಚಾಗಿ ಗಾಡಿ ಹತ್ತಬೇಕು. ರಾತ್ರಿ ಮೂರರ ಸೋಲು ಅದಕ್ಕೆಲ್ಲಿ ಸಿಗಬೇಕು? ಮಾರನೇ ದಿನಕ್ಕೆ ಹಳಸಿದ್ದು ಅಂತ ಎರಡು ಬೆರಳಗಲ ಜಾಗ ಕೊಟ್ಟಿದ್ದರು. ನಾವು ಅದನ್ನು ಓದಿದ್ದು ಮಿರ್ಚಿ ಕಟ್ಟಿದ ಕಾಗದದಲ್ಲಿ. ಬಿಸಿ ಮಿರ್ಚಿಯ ಎಣ್ಣೆ ಹೀರಿ ಅಕ್ಷರ ಪಾರದರ್ಶಕವಾಗಿ, ಹಿಂದಿನ ಪುಟದ ಅಡಿಕೆ ಧಾರಣೆಯೂ ಇದರ ಮೇಲೆ ಮೂಡಿತ್ತು. 'ಗೋಲ್‌ಕೀಪರ್ ಒನಾನಾ ಮಾಡಿದ' ಅನ್ನುವಲ್ಲಿಗೆ ಕಾಗದ ಹರಿದಿತ್ತು.

"ತಪ್ಪಿನಿಂದ ಅಂತ ಇರುತ್ತೆ" ಅಂದರು ಮೇಷ್ಟ್ರು.

"ಸಾಹಸ ವ್ಯರ್ಥ ಅಂತ ಇರುತ್ತೆ" ಅಂದ ಗೆಳೆಯ.

ಇನ್ನರ್ಧ ಕಾಗದ ಬರಲಿ ಅಂತ ಮತ್ತೊಂದು ಪ್ಲೇಟ್ ಮಿರ್ಚಿ ಹೇಳಿದರು. ಶ್ರದ್ಧಾಂಜಲಿ ಜಾಹೀರಾತು ಬಂತು. ಇನ್ನೊಂದು ಹೇಳಿದರು. ಟೆಂಡರ್ ಪ್ರಕಟಣೆ. ರಾತ್ರಿ ಇಬ್ಬರೂ ಮೆಡಿಕಲ್ ಶಾಪಿನಲ್ಲೇ ಅಸಿಡಿಟಿ ಮಾತ್ರೆ ನುಂಗಿದರು.

ಸೆಪ್ಟೆಂಬರಿನಲ್ಲಿ ಒನಾನಾ ಎರವಲು ಆಟಗಾರನ ಲೆಕ್ಕದಲ್ಲಿ ಟರ್ಕಿಯ ಟ್ರಾಬ್ಜಾನ್‌ಸ್ಪೋರ್‌ಗೆ ಹೋದ. ಬೆಲ್ಜಿಯಂನಿಂದ ಸೆನ್ನೆ ಲಾಮೆನ್ಸ್ ಬಂದ. ಮೊದಲ ಪಂದ್ಯದಲ್ಲೇ ಸಂಡರ್‌ಲ್ಯಾಂಡ್‌ಗೆ ಒಂದೂ ಗೋಲು ಬಿಡಲಿಲ್ಲ. ಮೇಷ್ಟ್ರು "ನೋಡೋಣ" ಅಂದರು. ಅವರ ಬಾಯಲ್ಲಿ ಅದು ಹೊಗಳಿಕೆ. ಆದರೂ ಕ್ಯಾಲೆಂಡರ್ ತೆಗೆದು ನೋಡಿದರು. 2026ರ ಚೌತಿ ಸೆಪ್ಟೆಂಬರ್ 14, ಸೋಮವಾರ.

"ಸೋಮವಾರ ರಾತ್ರಿನೂ ಪಂದ್ಯ ಇಡ್ತಾರ್ರೀ ಅವರು" ಅಂದ ಗೆಳೆಯ.

"ಇಟ್ರೆ ಇಡ್ಲಿ" ಅಂದರು ದೊಡ್ಡಮ್ಮ. "ಕೈಗೆ ಅಕ್ಷತೆ ಕೊಟ್ಟು ಶಮಂತಕಮಣಿ ಕಥೆ ಕೇಳಿಸ್ರಿ, ದೋಷ ಹೋಗುತ್ತೆ. ಗ್ಲೌಸ್ ಬಿಚ್ಚಿಸಿ ಕೊಡ್ರೋ ಮತ್ತೆ. ಅದನ್ನೂ ಕೆಳಗೆ ಬೀಳಿಸ್ಯಾನು."