ಉಪ್ಪುನೀರಿಗೆ ಮುಂಚೆ ಸ್ಟ್ರಿಪ್ ಹುಡುಕಿ

ಬಿಪಿ ಮಾತ್ರೆ ಜಾಸ್ತಿ ನುಂಗಿಬಿಟ್ಟರೆ ನಮ್ಮಲ್ಲಿ ಇರುವುದು ಎರಡೇ ದಾರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಇಲ್ಲಾಂದ್ರೆ 'ಆರಾಮಾಗೇ ಇದ್ದಾರಲ್ಲ, ಬೆಳಿಗ್ಗೆ ನೋಡೋಣ' ಅಂತ ಸುಮ್ಮನಾಗುವುದು. ಹೊರನಾಡಿಗೆ ಬಂದು ಇಷ್ಟು ವರ್ಷ ಆದರೂ ನನ್ನ ತಲೆಯಲ್ಲೂ ಇವೇ ಇದ್ದವು.

ಅಮ್ಮ ನಮ್ಮ ಜೊತೆ ಇದ್ದಾಗ ಒಂದು ರಾತ್ರಿ ನೋಡಿದರೆ, ಮಾತ್ರೆ ಡಬ್ಬಿಯಲ್ಲಿ ಶನಿವಾರದ ಖಾನೆ ಜೊತೆ ಭಾನುವಾರದ್ದೂ ಖಾಲಿ. ತಗೊಂಡೆನೋ ಇಲ್ಲವೋ ಅಂತ ಅನುಮಾನ ಬಂದು ಮತ್ತೆ ನುಂಗಿದ್ದಾರೆ. ನಾನು ಉಪ್ಪು ಹುಡುಕುತ್ತಿದ್ದೆ, ಹೆಂಡತಿ ವಿಷದ ಸಹಾಯವಾಣಿಗೆ ಫೋನ್ ಮಾಡಿದ್ದಳು. ಅವರು ಕೇಳಿದ್ದು ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಾಯಿತು, ಅಮ್ಮನ ತೂಕ. ಆಮೇಲೆ, ಸ್ಟ್ರಿಪ್ ಮೇಲೆ ಹೆಸರಿನ ಪಕ್ಕ ಎಸ್‌ಆರ್, ಎಕ್ಸ್‌ಎಲ್ ಅಂತ ಏನಾದರೂ ಇದೆಯಾ? ಇತ್ತು. ವಾಂತಿ ಮಾಡಿಸಲೇಬೇಡಿ, ಈಗಲೇ ಆಸ್ಪತ್ರೆಗೆ ಹೊರಡಿ ಅಂದರು.

'ನಂಗೇನೂ ಆಗಿಲ್ಲ ಕಣೋ, ಸುಮ್ನೆ ಗಲಾಟೆ ಮಾಡ್ತೀಯ' ಅಂತ ಅಮ್ಮ ದಾರಿಯುದ್ದಕ್ಕೂ ಬೈದರು. ಅವರು ಹೇಳಿದ್ದು ನಿಜವೇ, ಆಗ ಏನೂ ಆಗಿರಲಿಲ್ಲ. ಆ ಎರಡಕ್ಷರದ ಮಾತ್ರೆಗಳು ನಿಧಾನವಾಗಿ ಕರಗುತ್ತವೆ, ತೊಂದರೆ ಹನ್ನೆರಡು ಗಂಟೆ ಕಳೆದ ಮೇಲೂ ಶುರುವಾಗಬಹುದು. ಅದಕ್ಕೇ ಇಡೀ ದಿನ ಮಾನಿಟರ್ ಹಾಕಿ ಮಲಗಿಸಿದರು. ಬೆಳಗಿನ ಜಾವಕ್ಕೆ ನಾಡಿ 46ಕ್ಕೆ ಇಳಿಯಿತು. 'ಬೆಳಿಗ್ಗೆ ನೋಡೋಣ' ಅಂದಿದ್ದರೆ ನೋಡುತ್ತಿದ್ದದ್ದು ಅದನ್ನೇ.

ಅಮ್ಮನಿಗೆ ಮಾನಿಟರ್ ಹಾಕಿ ನೋಡಿಕೊಂಡದ್ದಕ್ಕಿಂತ ಹೆಚ್ಚೇನೂ ಬೇಕಾಗಲಿಲ್ಲ. ಆದರೆ ಅಲ್ಲಿ ಕೂತು ಕೇಳಿ ತಿಳಿದದ್ದು ಬಹಳ. ಬಿಪಿ ಮಾತ್ರೆ ಅಂದರೆ ಎಲ್ಲಾ ಒಂದೇ ಅಂದುಕೊಂಡಿದ್ದೆ, ಅಲ್ಲವೇ ಅಲ್ಲ. ಅಮ್ಲೋಡಿಪಿನ್, ಡಿಲ್ಟಿಯಾಜೆಮ್ ಥರದವು ಮಿತಿಮೀರಿದರೆ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಡುತ್ತಾರೆ. ಅದೂ ಸಾಲದಿದ್ದರೆ ಇನ್ಸುಲಿನ್! ಸಕ್ಕರೆ ಕಾಯಿಲೆ ಏರುಪೇರಾದಾಗ ಡ್ರಿಪ್‌ನಲ್ಲಿ ಕೊಡುವುದಕ್ಕಿಂತ ಹತ್ತು ಪಟ್ಟು, ಅದಕ್ಕೂ ಜಾಸ್ತಿ, ಜೊತೆಗೆ ಗ್ಲುಕೋಸ್. ಸೋತ ಹೃದಯಕ್ಕೆ ಸಕ್ಕರೆಯನ್ನು ಬಳಸಿಕೊಳ್ಳುವ ಶಕ್ತಿ ಅದರಿಂದ ಬರುತ್ತದೆ. ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್‌ಗಾದರೆ ಗ್ಲುಕಗಾನ್ ಅನ್ನುವ ಇಂಜೆಕ್ಷನ್ ಇದೆ. ಡಿಗಾಕ್ಸಿನ್ ಅನ್ನುವ ಹೃದಯದ ಮಾತ್ರೆಯ ಕಥೆಯೇ ಬೇರೆ. ಅದಕ್ಕೆ ಕುರಿಯ ರಕ್ತದಿಂದ ತೆಗೆದ ಪ್ರತಿಕಾಯ ಕೊಡುತ್ತಾರೆ, ಅದು ಹೋಗಿ ಔಷಧಿಯನ್ನೇ ಹಿಡಿದು ಕಟ್ಟಿಹಾಕುತ್ತದೆ. ಇದ್ದಿಲಿನ ಪುಡಿ ಕುಡಿಸುವುದೂ ಉಂಟು, ಆದರೆ ನುಂಗಿ ಗಂಟೆಯೊಳಗೆ ಬಂದರೆ ಅದರ ಉಪಯೋಗ ಜಾಸ್ತಿ. ನಾವು ಆ ಒಂದು ಗಂಟೆಯನ್ನೇ ಉಪ್ಪುನೀರಿಗೆ ಕಳೆಯುತ್ತೇವೆ, ಅಲ್ವಾ?

ಇಲ್ಲಿನದೆಲ್ಲಾ ಸರಿ ಅಂತಲ್ಲ. ಒಂಟಿಯಾಗಿರುವ ಮುದುಕರು ಎರಡು ಖಾನೆ ಖಾಲಿ ಮಾಡಿದರೆ ನೋಡುವವರೇ ಇಲ್ಲ, ಫೋನ್ ಯಾರು ಮಾಡಬೇಕು? ಅದರಲ್ಲಿ ನಮ್ಮ ತುಂಬಿದ ಮನೆಗಳೇ ವಾಸಿ. ಪುಟ್ಟ ಮಕ್ಕಳ ವಿಷಯದಲ್ಲಿ ಮಾತ್ರ ಆ ತುಂಬಿದ ಮನೆಯಲ್ಲೇ ಭಯ ಜಾಸ್ತಿ. ಅಜ್ಜಿಯ ಒಂದೇ ಒಂದು ಮಾತ್ರೆ ನೆಲಕ್ಕೆ ಬಿದ್ದಿದ್ದರೂ ಸಾಕು. ಮಗು ಆಟವಾಡುತ್ತಿದ್ದರೂ ಕಾಯಬಾರದು.

ಮನೆಗೆ ಬಂದಮೇಲೆ ಅಕ್ಕನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಸ್ಟ್ರಿಪ್‌ಗಳ ಫೋಟೋ ತೆಗೆದಿಟ್ಟುಕೋ ಅಂದೆ, ನಾಡಿ ಇಳಿದದ್ದು, ಇನ್ಸುಲಿನ್ನು, ಕುರಿ, ಎಲ್ಲಾ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಅವಳು ಕೇಳಿದ್ದು ಒಂದೇ ಪ್ರಶ್ನೆ: 'ಅದೆಲ್ಲಾ ಇರ್ಲಿ, ಉಪ್ಪುನೀರು ಕುಡಿಸಿದ್ಯೇನೋ?'