ಸ್ವಂತ ಖರ್ಚಿನಲ್ಲಿ ಹಾರೆ ಹಿಡಿದವನು

"ಸಂಬಳ ಎಷ್ಟು ಕೊಡ್ತಾರೆ?"

ವಿಡಿಯೊ ಕಾಲ್‌ನಲ್ಲಿ ದೊಡ್ಡಪ್ಪ ಕೇಳಿದ ಮೊದಲ ಪ್ರಶ್ನೆ ಇದು. ನಾನು ಕೆಸರು ಮೆತ್ತಿದ ಬೂಟು, ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು, ಕೈಯಲ್ಲಿ ಹಾರೆ ಹಿಡಿದು ರೈಲು ಹಳಿಯ ಪಕ್ಕ ನಿಂತಿದ್ದೆ. ಸಂಬಳ ಇಲ್ಲ ದೊಡ್ಡಪ್ಪ, ಸುಮ್ನೆ ಮಾಡೋದು ಅಂದೆ. ಹೋಗಿ ಬರೋ ಚಾರ್ಜೂ ನಂದೇ ಅಂತ ಬಾಯಿತಪ್ಪಿ ಹೇಳಿಬಿಟ್ಟೆ. ಅವರು ಮಾತಾಡದೆ ಫೋನನ್ನು ದೊಡ್ಡಮ್ಮನ ಕೈಗೆ ಕೊಟ್ಟರು. ದೊಡ್ಡಮ್ಮ ದನಿ ತಗ್ಗಿಸಿ, "ಆಫೀಸಲ್ಲಿ ಏನಾದ್ರೂ ತೊಂದ್ರೆ ಆಯ್ತೇನಪ್ಪಾ?" ಅಂದರು.

ಅವರು ಹಾಗೆ ಅಂದುಕೊಂಡಿದ್ದರಲ್ಲಿ ತಪ್ಪೇನಿಲ್ಲ. ದೊಡ್ಡಪ್ಪ ರೈಲ್ವೆಯಲ್ಲಿ ಹಳಿ ರಿಪೇರಿ ಮಾಡುವ ಗ್ಯಾಂಗ್‌ಮನ್ ಆಗಿ ಸೇರಿ ಕೀಮನ್ ಆಗಿ ರಿಟೈರ್ ಆದವರು. ಕೀಮನ್ ಅಂದರೆ ಹಳಿ ಹಿಡಿದು ನಡೆದು, ಹಳಿಗೆ ಹಳಿ ಸೇರಿಸುವ ಫಿಶ್‌ಪ್ಲೇಟು, ಬೋಲ್ಟು ಸಡಿಲವಾಗಿದೆಯಾ ಅಂತ ನೋಡುವವನು. ಯಲಹಂಕದಿಂದ ಚಿಕ್ಕಬಳ್ಳಾಪುರ, ಕೋಲಾರದ ಮೇಲೆ ಬಂಗಾರಪೇಟೆಗೆ ಒಂದು ನ್ಯಾರೋಗೇಜ್ ಇತ್ತಲ್ಲ, ಹಳಿಗಳ ನಡುವೆ ಎರಡೂವರೆ ಅಡಿ ಅಗಲದ್ದು, ಅವರ ಸರ್ವೀಸಿನ ಬಹುಪಾಲು ಅದರ ಮೇಲೇ ಕಳೆಯಿತು. ಬೆಳಗಾಗುವ ಮೊದಲೇ ಹೆಗಲಿಗೆ ಸುತ್ತಿಗೆ, ಸ್ಪ್ಯಾನರ್, ಕಂಕುಳಲ್ಲಿ ಕೆಂಪು ಹಸಿರು ಬಾವುಟ. ಹಳಿ ಹಿಡಿದು ನಡೆದರೆ ವಾಪಸ್ ಬರುವಾಗ ಬಿಸಿಲು ನೆತ್ತಿಗೆ. ಮನೆಯ ಮಕ್ಕಳಿಗೆಲ್ಲ ಅವರದು ಒಂದೇ ಮಾತು. "ಓದ್ರೋ, ಇಲ್ಲಾಂದ್ರೆ ನನ್ ಥರ ಹಾರೆ ಹಿಡೀತೀರ." ನಾನು ಓದಿದೆ. ಚೆನ್ನಾಗಿಯೇ ಓದಿ ಬರ್ಮಿಂಗ್‌ಹ್ಯಾಮ್‌ಗೆ ಬಂದು, ಈಗ ತಿಂಗಳಿಗೊಂದು ಶನಿವಾರ ಸ್ವಂತ ಖರ್ಚಿನಲ್ಲಿ ಹಾರೆ ಹಿಡಿಯುತ್ತೇನೆ.

ಜಾಗ ವೇಲ್ಸ್‌ನ ಪಶ್ಚಿಮ ಕರಾವಳಿ. ಟವಿನ್ ಅಂತ ಸಣ್ಣ ಊರು. ಅಲ್ಲಿಂದ ಬೆಟ್ಟದ ಸಂದಿಗೆ ಹೋಗುವ ರೈಲಿನ ಹೆಸರು ಟಾಲಿಲಿನ್. ಹೀಗೆ ಬರೆದರೆ ಅಲ್ಲಿನವರು ನಗುತ್ತಾರೆ. ಆ ನಡುವಿನ 'ಲ'ಕಾರ ನಾಲಿಗೆಯ ಪಕ್ಕದಿಂದ ಗಾಳಿ ಬಿಟ್ಟು ಹೇಳಬೇಕಂತೆ. ನಮಗೆ 'ಳ' ಬರುತ್ತೆ ಅಂತ ಉತ್ತರ ಭಾರತದವರ ಮುಂದೆ ಜಂಭ ಕೊಚ್ಚುವ ನನಗೆ ಎರಡು ವರ್ಷವಾದರೂ ಇದು ಬಂದಿಲ್ಲ. ರೈಲಿನ ಗೇಜ್ 2 ಅಡಿ 3 ಇಂಚು, ಉದ್ದ ಏಳೂಕಾಲು ಮೈಲಿ. 1865ರಲ್ಲಿ, ಮನೆ ಮಾಡಿಗೆ ಹೊದಿಸುವ ಸ್ಲೇಟ್ ಕಲ್ಲನ್ನು ಗಣಿಯಿಂದ ಕೆಳಗಿಳಿಸಲು ಹಾಕಿದ್ದು.

1948ರಲ್ಲಿ ಬ್ರಿಟನ್ನಿನ ಬಹುಪಾಲು ರೈಲುಗಳನ್ನು ಸರ್ಕಾರ ವಹಿಸಿಕೊಂಡಾಗ, ಬಿಟ್ಟ ಕೆಲವೇ ರೈಲುಗಳಲ್ಲಿ ಇದೂ ಒಂದು. ಅಷ್ಟರಲ್ಲಾಗಲೇ ಗಣಿ ಮುಚ್ಚಿತ್ತು. ಮಾಲೀಕ ಸರ್ ಹೇಡನ್ ಜೋನ್ಸ್, ನಾನಿರುವ ತನಕ ಓಡಿಸುತ್ತೇನೆ ಅಂತ ಹಟ ಹಿಡಿದು ಓಡಿಸಿದರು. 1950ರಲ್ಲಿ ಅವರೂ ಹೋದರು. ಅದೇ ವರ್ಷ ಅಕ್ಟೋಬರ್‌ನಲ್ಲಿ, ನಾನೀಗ ಇರುವ ಬರ್ಮಿಂಗ್‌ಹ್ಯಾಮ್‌ನ ಒಂದು ಹೋಟೆಲಿನಲ್ಲಿ ಕೆಲವರು ಸೇರಿ, ನಾವೇ ನಡೆಸೋಣ ಅಂದರು. ಮುಂದೆ ನಿಂತವರು ಲೇಖಕ ಟಾಮ್ ರೋಲ್ಟ್. 1951ರ ಮೇ 14ಕ್ಕೆ ರೈಲು ಓಡಿಯೇಬಿಟ್ಟಿತು. ಜನ ಸಂಘ ಕಟ್ಟಿಕೊಂಡು ಉಳಿಸಿದ ರೈಲುಗಳಲ್ಲಿ ಪ್ರಪಂಚಕ್ಕೇ ಇದು ಮೊದಲನೆಯದು. ಆಗ ಎಷ್ಟೋ ಕಡೆ ಹಳಿಯ ಅಡಿಗೆ ಅಡ್ಡ ಹಾಕುವ ಮರದ ಸ್ಲೀಪರ್ ಕೊಳೆತು, ಹಳಿ ಅಗಲವಾಗದಂತೆ ಹಿಡಿದಿದ್ದು ಹುಲ್ಲಿನ ಬೇರೇ ಅಂತ ಇಲ್ಲಿನ ಹಳಬರು ಈಗಲೂ ಹೇಳುತ್ತಾರೆ. ಅಕ್ಕಪಕ್ಕದಲ್ಲೇ ಕಾರಿಸ್ ಅಂತ ಇದೇ ಗೇಜಿನ ಇನ್ನೊಂದು ರೈಲು 1948ರಲ್ಲಿ ನಿಂತುಹೋಗಿತ್ತು. ಅದರ ಎರಡು ಇಂಜಿನ್ ತಂದರು, ಹಳಿಯನ್ನೂ ತಂದರು.

ಸರ್ಕಾರಕ್ಕೇ ಬೇಡವಾದದ್ದನ್ನು ಹಳ್ಳಿಯ ಮೂಲೆಯಿಂದ ಎತ್ತಿ ನಿಲ್ಲಿಸಿದರು ಅನ್ನುವುದು ದೊಡ್ಡ ಮಾತೇ. ಆದರೆ ನನಗೆ ಚುಚ್ಚಿದ್ದು ಬೇರೆ.

ನಮ್ಮ ಗ್ಯಾಂಗಿನ ಮೇಸ್ತ್ರಿ ವಾರದ ದಿನ ಸ್ಕೂಲ್ ಬಸ್ ಓಡಿಸುವವರು. ಅವರ ಕೈಕೆಳಗೆ ಒಬ್ಬ ರಿಟೈರ್ಡ್ ಅರಿವಳಿಕೆ ಡಾಕ್ಟರು, ಒಬ್ಬ ಪ್ಲಂಬರ್, ಇಬ್ಬರು ಕಾಲೇಜು ಹುಡುಗಿಯರು, ಮತ್ತೆ ನಾನು. ಒಂದು ಸ್ಲೀಪರ್ ಬದಲಾಯಿಸುವುದು ಅಂದರೆ ಇಷ್ಟು. ಮೊದಲು ಎರಡೂ ಪಕ್ಕದ ಜಲ್ಲಿ ಬಗೆಯಬೇಕು. ಹಳಿ ಹಿಡಿದ ಸ್ಕ್ರೂ ಬಿಚ್ಚಬೇಕು. ತುಕ್ಕು ಹಿಡಿದಿದ್ದರೆ ಅರ್ಧ ಗಂಟೆ ಅದಕ್ಕೇ ಹೋಯಿತು. ಹಳೇ ಮರ ಪಕ್ಕಕ್ಕೆ ಎಳೆದರೆ ಒಮ್ಮೊಮ್ಮೆ ನೆನೆದ ರಸ್ಕಿನ ಹಾಗೆ ಮುರಿದು ಕೈಗೆ ಬರುತ್ತದೆ. ಹೊಸದನ್ನು ತೂರಿಸಿ, ಹಾರೆಯಿಂದ ಮೀಟಿ, ಗೇಜ್ ಹಿಡಿದು ನೋಡಿ, ಸ್ಕ್ರೂ ಬಿಗಿದು, ಆಮೇಲೆ ಅಡಿಗೆ ಜಲ್ಲಿ ತುಂಬಬೇಕು. ಪ್ಯಾಕಿಂಗ್. ಅಲ್ಲೇ ಎಲ್ಲರೂ ಕಳ್ಳಾಟ ಆಡೋದು. ಮೇಲೆ ಜಲ್ಲಿ ಹರಡಿದರೆ ಮುಗಿದಂತೆಯೇ ಕಾಣುತ್ತದೆ, ಅಡಿಯಲ್ಲಿ ಪೊಳ್ಳು.

ಡಾಕ್ಟರು ಒಂದು ಸಲ ಹಾಗೇ ಮಾಡಿದರು. ಮೇಸ್ತ್ರಿ ಬಂದು ಹಾರೆಯಲ್ಲಿ ಸ್ಲೀಪರ್ ಮೇಲೆ ಕುಟ್ಟಿ, ಮತ್ತೆ ಬಗೀರಿ ಅಂದರು. ಮೂವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ಇದ್ದ ಮನುಷ್ಯ, ಬಸ್ ಡ್ರೈವರ್ ಹೇಳಿದ್ದಕ್ಕೆ ತುಟಿಪಿಟಕ್ ಅನ್ನದೆ ಮಳೆಯಲ್ಲಿ ಮಂಡಿಯೂರಿ ಮತ್ತೆ ಬಗೆದರು. ಆಮೇಲೆ ಇಬ್ಬರೂ ಒಂದೇ ಫ್ಲಾಸ್ಕಿನ ಟೀ ಕುಡಿದರು.

ನಮ್ಮಲ್ಲಿ ಇದು ನಡೆಯುತ್ತಾ? ನಾವು ಗುದ್ದಲಿ ಪೂಜೆಯ ಜನ. ಮೊದಲ ಏಟಿಗೆ ಶಾಮಿಯಾನ, ಹಾರ, ಫೋಟೊ. ಎರಡನೇ ಏಟಿಗೆ ಕಂಟ್ರಾಕ್ಟರ್. ಆಯುಧಪೂಜೆ ದಿನ ಸ್ಪ್ಯಾನರಿಗೆ ಕುಂಕುಮ ಇಡುತ್ತೇವೆ, ಆದರೆ ಅದನ್ನು ಹಿಡಿಯುವವನು ಮದುವೆ ಮನೆಗೆ ಬಂದರೆ ಕಡೇ ಪಂಕ್ತಿ. ಹೋದ ಸಲ ಊರಿಗೆ ಬಂದಾಗ ಗೆಳೆಯರೆಲ್ಲ ಸೇರಿ ಒಂದು ಹಳೇ ಕಲ್ಯಾಣಿ ಕ್ಲೀನ್ ಮಾಡೋಣ ಅಂತ ಹೊರಟೆವು. ಒಂದೇ ಥರದ ಟೀ ಶರ್ಟ್, ಡ್ರೋನ್ ಕ್ಯಾಮೆರಾ, ಇಡ್ಲಿ ವಡೆ, ಎಲ್ಲ ಇತ್ತು. ಮುಂದಿನ ಭಾನುವಾರ ಬಂದವರು ಮೂರು ಜನ. ಅದರ ಮುಂದಿನ ಭಾನುವಾರ ನಾನೂ ಹೋಗಲಿಲ್ಲ. ವಿಮಾನಕ್ಕೆ ಇನ್ನೂ ನಾಲ್ಕು ದಿನ ಇತ್ತು.

ಟಾಲಿಲಿನ್‌ನಲ್ಲಿ ಸೇತುವೆಯ ಕೆಳಗೆ ಹೋದಾಗ ಗಮನಿಸಿ, ಹಳಿ ನಡುವಲ್ಲಿ ಇಲ್ಲ, ಒಂದು ಪಕ್ಕಕ್ಕೆ ಸರಿದಿದೆ. ಕಟ್ಟಿದಾಗ ಸೇತುವೆ ಇಕ್ಕಟ್ಟಾಯಿತು. ಬಾಗಿಲು ತೆರೆದರೆ ಗೋಡೆಗೆ ಬಡಿಯುತ್ತೆ ಅಂತ ಸರ್ಕಾರದ ರೈಲ್ವೆ ಇನ್‌ಸ್ಪೆಕ್ಟರ್ ತಕರಾರು ಮಾಡಿದರು. ಸರಿ, ಹಳಿಯನ್ನೇ ಒಂದು ಪಕ್ಕಕ್ಕೆ ಸರಿಸಿ, ಇನ್ನೊಂದು ಪಕ್ಕದ ಮೇಲೆ ಜಾಗ ಬಿಟ್ಟು, ಬೋಗಿಗಳಿಗೆ ಒಂದೇ ಪಕ್ಕ ಬಾಗಿಲು ಇಟ್ಟರು. ನೂರೈವತ್ತು ವರ್ಷ ದಾಟಿದರೂ ಆ ತಪ್ಪನ್ನು ಹಾಗೇ ಕಾಪಾಡಿಕೊಂಡು ಬಂದಿದ್ದಾರೆ. ನಾವಾಗಿದ್ದರೆ ಸೇತುವೆ ಒಡೆದು ಹೊಸದು ಕಟ್ಟಿ ಕಲ್ಲು ನೆಡುತ್ತಿದ್ದೆವು.

ಇಷ್ಟೆಲ್ಲ ದೊಡ್ಡಪ್ಪನಿಗೆ ಹೇಳಿದೆ. ಅವರು ಕೇಳಿಸಿಕೊಂಡು, "ಮಳೆ ಜೋರಾದ್ರೆ ಏನ್ ಮಾಡ್ತೀರ?" ಅಂದರು. ಗುಡಿಸಲಿಗೆ ಹೋಗಿ ಕೂತ್ಕೋತೀವಿ ಅಂದೆ. ಹೂಂ ಅಂದರು ಅಷ್ಟೇ.

ಆ ಹೂಂ ಒಂದು ವಾರ ಕಾಡಿತು. ಮಳೆ ಜೋರಾದ ರಾತ್ರಿಯೇ ಅವರಿಗೆ ಲಾಂದ್ರ ಹಿಡಿದು ಹೊರಡುವ ಡ್ಯೂಟಿ ಇದ್ದದ್ದು. ಇಲ್ಲಿ ಹಾರೆ ಹಿಡಿಯುವ ಎಷ್ಟೋ ಜನಕ್ಕೆ ಹಳೇ ಕೆಲಸದ ಪೆನ್ಷನ್ ಬರುತ್ತದೆ, ಬೆನ್ನು ನೋವು ಬಂದರೆ ಮುಂದಿನ ತಿಂಗಳು ರಜ. ಸಂಬಳದ ಸಿಬ್ಬಂದಿಯೂ ಇದ್ದಾರೆ, ಬರೀ ನಮ್ಮಂಥವರಿಂದ ರೈಲು ಓಡುತ್ತಿಲ್ಲ. ನಮ್ಮ ನ್ಯಾರೋಗೇಜ್ ಹೋಗಿ ಬ್ರಾಡ್‌ಗೇಜ್ ಬಂದಿದ್ದಕ್ಕೆ ನಾನು ಇಲ್ಲಿ ಕೂತು ಮರುಗಬಹುದು. ಬೆಳಿಗ್ಗೆ ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಮರುಗಬೇಕಿಲ್ಲ. ನಂದಿ ಹಾಲ್ಟ್‌ನಂಥ ಹಳೇ ಸ್ಟೇಷನ್ ಕಟ್ಟಡಗಳನ್ನು ಪಾರಂಪರಿಕ ಕಟ್ಟಡ ಉಳಿಸುವ ಸಂಸ್ಥೆ ಇಂಟ್ಯಾಕ್‌ನವರು ಮುತುವರ್ಜಿ ವಹಿಸಿ ದುರಸ್ತಿ ಮಾಡಿದ್ದಾರೆ. ಒಪ್ಪಿಕೊಳ್ಳಬೇಕು, ಒಪ್ಪಿಕೊಂಡಿದ್ದೇನೆ. ಆದರೂ ಆ ಡಾಕ್ಟರು ಮಂಡಿಯೂರಿದ್ದು ಕಣ್ಣಿಂದ ಹೋಗಲ್ಲ.

ಹೋದ ತಿಂಗಳು ನಾವು ಮುಗಿಸಿದ ತುಣುಕಿನ ಫೋಟೊ ಒಂದನ್ನು ದೊಡ್ಡಪ್ಪನಿಗೆ ಕಳಿಸಿದೆ. ಶಭಾಷ್ ಅಂತಾರೆ ಅಂದುಕೊಂಡಿದ್ದೆ. ಹತ್ತು ನಿಮಿಷಕ್ಕೆ ಅವರೇ ಫೋನ್ ಮಾಡಿದರು. "ಮುಂದ್ಗಡೆಯಿಂದ ನಾಕನೇ ಸ್ಲೀಪರ್ ನೋಡು. ಅದರ ತುದೀಲಿ ಜಲ್ಲಿ ಬೆಳ್ಳಗಾಗಿದೆ. ಅಡೀಲಿ ಪೊಳ್ಳು, ರೈಲು ಹೋದಾಗ ಕುಣೀತಾ ಇದೆ."

ಮುಂದಿನ ಸಲ ಹೋದಾಗ ಮೇಸ್ತ್ರಿಗೆ ಹೇಳಿದೆ. ಅವರು ಹಾರೆಯಿಂದ ಕುಟ್ಟಿದರು. ಟೊಳ್ಳು ಸದ್ದು. ಯಾರು ಹೇಳಿದ್ದು ಅಂತ ಕೇಳಿದರು. ನಮ್ಮ ದೊಡ್ಡಪ್ಪ, ಎಂಬತ್ತೆರಡು ವಯಸ್ಸು, ಫೋಟೊದಲ್ಲಿ ನೋಡಿ ಹೇಳಿದ್ದು ಅಂದೆ. ಮೇಸ್ತ್ರಿ ಟೋಪಿ ತೆಗೆದು ತಲೆ ಕೆರೆದುಕೊಂಡು, ಬಗೀರಿ ಅಂದರು. ಬಗೆದವನು ನಾನೇ. ಅದು ನಾನೇ ತುಂಬಿದ್ದ ಸ್ಲೀಪರ್.

ರಾತ್ರಿ ಫೋನ್ ಮಾಡಿ ಹೇಳಿದೆ. ದೊಡ್ಡಪ್ಪ ನಗಲಿಲ್ಲ. "ಜಾಯಿಂಟ್ ಹತ್ರದ್ದು ಒಂದು ಫೋಟೊ ಕಳಿಸು," ಅಂದರು. "ಫಿಶ್‌ಪ್ಲೇಟ್ ಕಾಣೋ ಹಾಗೆ."