ಮೊದಲು ಡ್ರೇನ್ ವಾಲ್ವ್, ಆಮೇಲೆ ಬೆಂಡು

ಗಟ್ಟಿ ಪೈಪಿನ ವಾಟರ್ ಕೂಲಿಂಗ್ ಪಿಸಿಯ ಫೋಟೊ ಕಳಿಸಿ ಯಾರಾದರೂ ‘ಹೇಗಿದೆ ಅಣ್ಣಾ?’ ಎಂದು ಕೇಳಿದರೆ ನಾನು ಮೊದಲು ಡ್ರೇನ್ ವಾಲ್ವ್ ಎಲ್ಲಿದೆ ಎಂದು ಹುಡುಕುತ್ತೇನೆ. ಪೈಪು ಬಾಗಿಸಿದ ಬೆಂಡು, ಲೈಟು, ಕೂಲೆಂಟಿನ (ತಣಿಸುವ ದ್ರವದ) ಬಣ್ಣ ಎಲ್ಲಾ ಆಮೇಲೆ. ಲೂಪಿನ, ಅಂದರೆ ನೀರು ಸುತ್ತುವ ದಾರಿಯ, ತೀರಾ ಕೆಳಗಿನ ಜಾಗದಲ್ಲಿ ನೀರು ಹೊರಗೆ ಬಿಡಲು ದಾರಿ ಇಲ್ಲದಿದ್ದರೆ ಆ ಪಿಸಿ ಎಷ್ಟೇ ಚೆನ್ನಾಗಿ ಕಂಡರೂ ಕೆಲಸ ಮುಗಿದಿಲ್ಲ ಎಂದೇ ನನ್ನ ಲೆಕ್ಕ. ಕೆಲವರಿಗೆ ಇದು ಹಿಡಿಸುವುದಿಲ್ಲ. ಆದರೂ ಬಿಡಿಸಿ ಹೇಳುತ್ತೇನೆ. ನನಗೆ ಮೆಸೇಜ್ ಮಾಡುವ ಹುಡುಗರಲ್ಲಿ ಎಷ್ಟೋ ಜನ ಮೊದಲ ಲೂಪಿಗೇ ಹಾರ್ಡ್ ಟ್ಯೂಬ್ ಹಾಕಲು ಹೊರಟಿರುತ್ತಾರೆ.

ಗೊತ್ತಿಲ್ಲದವರಿಗೆ ಎರಡು ಮಾತು. ಪ್ರೊಸೆಸರ್ ಮೇಲೆ, ಗ್ರಾಫಿಕ್ಸ್ ಕಾರ್ಡಿನ ಮೇಲೆ ತಾಮ್ರದ ಬ್ಲಾಕ್ ಕೂರುತ್ತದೆ. ಅದರೊಳಗೆ ಕೂದಲೆಳೆಯಂಥ ಸಂದುಗಳು. ಪಂಪು ಅವುಗಳ ಮೂಲಕ ನೀರು ತಳ್ಳುತ್ತದೆ, ನೀರು ಬಿಸಿ ಹೊತ್ತುಕೊಂಡು ರೇಡಿಯೇಟರಿಗೆ ಹೋಗುತ್ತದೆ, ಅಲ್ಲಿ ಫ್ಯಾನು ಅದನ್ನು ತಣಿಸುತ್ತದೆ. ಇವನ್ನೆಲ್ಲ ಜೋಡಿಸುವ ಪೈಪು ಮೆತ್ತಗಿನ ರಬ್ಬರ್ ಥರದ್ದಾದರೆ ಸಾಫ್ಟ್ ಟ್ಯೂಬ್. ಅಕ್ರಿಲಿಕ್ ಅಥವಾ ಪಿಇಟಿಜಿ ಪ್ಲಾಸ್ಟಿಕ್ಕಿನ ಗಟ್ಟಿ ನಳಿಗೆಯಾದರೆ ಹಾರ್ಡ್ ಟ್ಯೂಬ್. ಅದನ್ನು ಕಾಯಿಸಿ, ಬಾಗಿಸಿ, ಅಳತೆಗೆ ಕೊಯ್ದು ಹಾಕಬೇಕು.

ಹಾರ್ಡ್ ಟ್ಯೂಬ್ ಹಾಕಿದರೆ ಪಿಸಿ ಜಾಸ್ತಿ ತಣ್ಣಗಿರುತ್ತದೆ ಎಂದು ಹೇಳಿ ಮಾರುವವರ ಮಾತು ನಂಬಬೇಡಿ. ಬಿಸಿ ಹೊರಹೋಗುವುದು ರೇಡಿಯೇಟರಿನಲ್ಲಿ. ಪೈಪು ನೀರಿಗೆ ದಾರಿ ಅಷ್ಟೇ. ಯಾವುದು ಮೊದಲು ಬರಬೇಕು, ಪ್ರೊಸೆಸರೋ ಗ್ರಾಫಿಕ್ಸ್ ಕಾರ್ಡೋ ಎಂಬ ಜಗಳವೂ ಅನಗತ್ಯ. ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 4 ಲೀಟರ್ ಹರಿಯುವ ಲೂಪಿನಲ್ಲಿ ನೀರಿನ ತಾಪ 1 ಡಿಗ್ರಿ ಏರಬೇಕಾದರೆ ಸುಮಾರು 280 ವಾಟ್ ಬೇಕು. 450 ವಾಟಿನ ಆರ್‌ಟಿಎಕ್ಸ್ 4090 ಪೂರ್ತಿ ದುಡಿಯುವಾಗಲೂ ಕಾರ್ಡಿನೊಳಗೆ ಹೋಗುವ ನೀರಿಗೂ ಹೊರಬರುವ ನೀರಿಗೂ 2 ಡಿಗ್ರಿ ಕೂಡ ವ್ಯತ್ಯಾಸವಿಲ್ಲ. ಅಂದರೆ ಪೈಪಿನ ದಾರಿಯನ್ನು ನಿಮಗೆ ಬೇಕಾದ ಹಾಗೆ ಹಾಕಬಹುದು. ಹಾಗಿದ್ದ ಮೇಲೆ ಬಿಚ್ಚಲು ಸುಲಭವಾಗುವ ಹಾಗೆಯೇ ಯಾಕೆ ಹಾಕಬಾರದು?

ಮತ್ತೆ ಹಾರ್ಡ್ ಟ್ಯೂಬ್ ಯಾಕೆ ಬೇಕು ಎಂದರೆ, ಕೈಕೆಲಸದ ಖುಷಿಗೆ. ಇದನ್ನು ಸಣ್ಣ ಕಾರಣ ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ. ಕಂಪ್ಯೂಟರ್ ಕಟ್ಟುವುದರಲ್ಲಿ ಉಳಿದದ್ದೆಲ್ಲ ಕೊಂಡು ತಂದು ಸ್ಕ್ರೂ ಬಿಗಿಯುವ ಕೆಲಸ. ಇಲ್ಲಿ ಮಾತ್ರ ಒಂದು ವಸ್ತು ನಿಮ್ಮ ಕೈಯಲ್ಲೇ ಆಕಾರ ಪಡೆಯುತ್ತದೆ. ಪೈಪಿನೊಳಗೆ ಸಿಲಿಕೋನ್ ಹಗ್ಗ ತೂರಿಸಬೇಕು, ಇಲ್ಲದಿದ್ದರೆ ಬಾಗಿದ ಕಡೆ ನಳಿಗೆ ಚಪ್ಪಟೆಯಾಗುತ್ತದೆ. ಹಗ್ಗಕ್ಕೆ ಒಂದೆರಡು ಹನಿ ಸೋಪಿನ ನೀರು ಸವರಿದರೆ ಸಲೀಸಾಗಿ ಹೋಗುತ್ತದೆ, ಸಲೀಸಾಗಿ ಬರುತ್ತದೆ. ಆಮೇಲೆ ಹೀಟ್ ಗನ್ನಿನ ಮುಂದೆ ಪೈಪು ತಿರುಗಿಸುತ್ತಲೇ ಇರಬೇಕು. ರೊಟ್ಟಿಯನ್ನು ಹೆಂಚಿನ ಮೇಲೆ ತಿರುಗಿಸಿದ ಹಾಗೆ, ಒಂದೇ ಕಡೆ ಬಿಸಿ ನಿಲ್ಲಬಾರದು. ಬಾಗಿಸುವ ಜಾಗವೊಂದನ್ನೇ ಅಲ್ಲ, ಅದರ ಎರಡೂ ಬದಿಗೆ ಒಂದಷ್ಟು ಉದ್ದ ಕಾಯಿಸಬೇಕು. ತನ್ನ ಭಾರಕ್ಕೆ ತಾನೇ ಜೋತುಬಿದ್ದಾಗ ಹದ ಬಂತು ಎಂದು ತಿಳಿಯಿರಿ. ಬಲ ಹಾಕಿ ಬಗ್ಗಿಸಬೇಕಾಗಿ ಬಂದರೆ ಇನ್ನೂ ಕಾದಿಲ್ಲ. ಬಾಗಿಸಿ, ತಣ್ಣಗಾಗುವವರೆಗೆ ಅಲುಗಾಡಿಸದೆ ಹಿಡಿದುಕೊಳ್ಳಿ. ಎರಡೂ ತುದಿಯಲ್ಲಿ ಧಾರಾಳವಾಗಿ ಉದ್ದ ಬಿಟ್ಟಿರಿ. ಬೆಂಡು ಸರಿ ಬಂದ ಮೇಲೆ ಅಳೆದು ಕೊಯ್ಯಿರಿ.

ಕೊಯ್ಯುವುದಕ್ಕೆ ಸಣ್ಣ ಹಲ್ಲಿನ ಗರಗಸವೇ ಒಳ್ಳೆಯದು. ಚಕ್ರದ ಪೈಪ್ ಕಟರ್ ಪಿಇಟಿಜಿಗೆ ನಡೆಯುತ್ತದೆ, ಅಕ್ರಿಲಿಕ್ ಮಾತ್ರ ಅದರಲ್ಲಿ ಬಿರುಕು ಬಿಡಬಹುದು. ಕೊಯ್ದ ತುದಿಯನ್ನು ಒಳಗೂ ಹೊರಗೂ ಉಜ್ಜಿ ನಯ ಮಾಡಬೇಕು. ಈ ಐದು ನಿಮಿಷದ ಕೆಲಸವನ್ನು ಜನ ಹಾರಿಸಿಬಿಡುತ್ತಾರೆ. ಪೈಪಿನ ತುದಿ ಹಿಡಿದುಕೊಳ್ಳುವ ಜೋಡಣೆಯೇ ಫಿಟ್ಟಿಂಗು, ಅದರೊಳಗಿನ ರಬ್ಬರ್ ಬಳೆ, ಓ-ರಿಂಗೇ ನೀರು ತಡೆಯುವುದು. ಚೂಪಾದ ಅಂಚು ಅದನ್ನು ಗೀರಿದರೆ ಹೊರಗಿನಿಂದ ಕಾಣುವುದೂ ಇಲ್ಲ. ಪೈಪು ಫಿಟ್ಟಿಂಗಿನೊಳಗೆ ನೇರವಾಗಿ ಕೂರಬೇಕು ಎಂಬುದೂ ಇದಕ್ಕೇ. ಒತ್ತಿ ಎಳೆದು ಕೂರಿಸಿದ ಪೈಪು ಓ-ರಿಂಗನ್ನು ಒಂದು ಬದಿಗೆ ತಳ್ಳುತ್ತಲೇ ಇರುತ್ತದೆ. ಇನ್ನೊಂದು ವಿಷಯ, 12, 14, 16 ಮಿಲಿಮೀಟರ್ ಪೈಪುಗಳಿಗೆ ಫಿಟ್ಟಿಂಗು ಬೇರೆ ಬೇರೆ. ರ‍್ಯಾಮು, ಎಸ್‌ಎಸ್‌ಡಿ ಎಸ್‌ಪಿ ರೋಡಿನಲ್ಲಿ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬೀದಿ) ಸಂಜೆಯೊಳಗೆ ಸಿಗುತ್ತವೆ. ಒಂದು ಫಿಟ್ಟಿಂಗು ಕಡಿಮೆ ಬಿದ್ದರೆ ಪಾರ್ಸೆಲ್ ಬರುವ ತನಕ ಕಾಯಬೇಕು. ಪೈಪು, ಫಿಟ್ಟಿಂಗು ಎರಡನ್ನೂ ಲೆಕ್ಕಕ್ಕಿಂತ ಜಾಸ್ತಿಯೇ ತರಿಸಿಡಿ.

ಅಕ್ರಿಲಿಕ್ಕೋ ಪಿಇಟಿಜಿಯೋ? ವಿಡಿಯೊಗಳಲ್ಲಿ ಹೊಸಬರಿಗೆ ಪಿಇಟಿಜಿ ಎಂದು ಹೇಳುತ್ತಾರೆ, ಬೇಗ ಬಾಗುತ್ತದೆ, ಸುಲಭಕ್ಕೆ ಒಡೆಯುವುದಿಲ್ಲ ಎಂದು. ನಿಜವೇ. ಆದರೆ ಆ ವಿಡಿಯೊ ಮಾಡಿದವರ ಕೋಣೆ ಎಷ್ಟು ತಣ್ಣಗಿದೆ ಎಂದೂ ನೋಡಬೇಕಲ್ವಾ? ಪಿಇಟಿಜಿ ಸುಮಾರು 80 ಡಿಗ್ರಿಗೆ ಮೆದುವಾಗುತ್ತದೆ, ಅಕ್ರಿಲಿಕ್ 100 ಡಿಗ್ರಿಯ ಆಸುಪಾಸು. ಫಿಟ್ಟಿಂಗಿನ ಹಿಡಿತದಲ್ಲಿರುವ ಪಿಇಟಿಜಿ ಅದಕ್ಕೂ ಮುಂಚೆಯೇ, 60 ಡಿಗ್ರಿ ದಾಟಿದರೆ, ಆಕಾರ ಕಳೆದುಕೊಳ್ಳತೊಡಗುತ್ತದೆ. ಎಷ್ಟು ದೊಡ್ಡ ರೇಡಿಯೇಟರ್ ಹಾಕಿದರೂ ನೀರು ಕೋಣೆಯ ಗಾಳಿಗಿಂತ ತಣ್ಣಗಾಗುವುದಿಲ್ಲ. ಕೋಣೆಗಿಂತ 10ರಿಂದ 15 ಡಿಗ್ರಿ ಹೆಚ್ಚಿಗೆ ಇರುವುದು ಸಾಮಾನ್ಯ. ಬೆಂಗಳೂರು, ಮೈಸೂರಿನಲ್ಲಿ ಇದರಿಂದ ತೊಂದರೆ ಇಲ್ಲ. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ, ಎಸಿ ಇಲ್ಲದ ಕೋಣೆ 40 ಡಿಗ್ರಿ ಇದ್ದರೆ, ನೀರು 50-55ಕ್ಕೆ ಬಂದು ನಿಲ್ಲುತ್ತದೆ. ಆ ಹೊತ್ತಿಗೆ ಒಂದು ಫ್ಯಾನ್ ಕೈಕೊಟ್ಟರೆ ಮಿತಿ ದಾಟಿದಂತೆಯೇ. ಇಂಥ ಲೂಪುಗಳಲ್ಲಿ ಹೆಚ್ಚಾಗಿ ಬಳಸುವ ಡಿ5 ಪಂಪಿನ ಮಿತಿಯೂ 60 ಡಿಗ್ರಿ. ಆ ಕಡೆಯವರು ಅಕ್ರಿಲಿಕ್ ಹಾಕಿ, ನೀರಿನ ತಾಪ ನೋಡುವ ಒಂದು ಸೆನ್ಸರ್ ಹಾಕಿ, ಫ್ಯಾನಿನ ವೇಗವನ್ನು ಪ್ರೊಸೆಸರ್ ತಾಪಕ್ಕೆ ಬದಲಾಗಿ ನೀರಿನ ತಾಪಕ್ಕೆ ಕಟ್ಟಿ. ಲೈಟಿಗೆ ಖರ್ಚು ಮಾಡುವ ದುಡ್ಡಿನಲ್ಲಿ ಈ ಸೆನ್ಸರ್ ಬರುತ್ತದೆ.

ನೀರಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಬೋರ್‌ವೆಲ್ ನೀರು ಗೀಸರಿನ ಕಾಯಿಲಿಗೆ ಏನು ಮಾಡುತ್ತದೆ ಎಂದು ಎಲ್ಲರೂ ನೋಡಿದ್ದೇವೆ. ಫಿಲ್ಟರಿನ ಆರ್‌ಒ ನೀರಿನಲ್ಲೂ ಅಷ್ಟಿಷ್ಟು ಲವಣ ಉಳಿದಿರುತ್ತದೆ. ಡಿಸ್ಟಿಲ್ಡ್ ವಾಟರ್, ಅದಕ್ಕೆ ಪಾಚಿ ಮತ್ತು ತುಕ್ಕು ತಡೆಯುವ ದ್ರವ, ಅಥವಾ ಬಣ್ಣವಿಲ್ಲದ ರೆಡಿ ಕೂಲೆಂಟ್, ಇಷ್ಟೇ ಸಾಕು. ಹಾಲಿನಂಥ ದಟ್ಟ ಬಣ್ಣದ ಕೂಲೆಂಟುಗಳಲ್ಲಿ ಬಣ್ಣದ ಕಣ ತೇಲುತ್ತಿರುತ್ತದೆ. ಆ ಕಣ ಹೋಗಿ ಕೂರುವುದು ಬ್ಲಾಕಿನ ಸಂದುಗಳಲ್ಲೇ. ಅಗ್ಗಕ್ಕೆ ಸಿಕ್ಕಿತು ಎಂದು ಅಲ್ಯೂಮಿನಿಯಂ ರೇಡಿಯೇಟರನ್ನು ತಾಮ್ರದ ಬ್ಲಾಕಿನ ಜೊತೆ ಹಾಕಲೇಬೇಡಿ, ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ‘ಕರೆಂಟ್ ಹರಿಯದ ಕೂಲೆಂಟ್’ ಎಂಬ ಲೇಬಲನ್ನು ನೆಚ್ಚಿ ಕೂರಬೇಡಿ. ಬಾಟಲಿಯಲ್ಲಿದ್ದಾಗ ಅದು ನಿಜ, ಲೋಹ ಮತ್ತು ಧೂಳು ಸೇರಿದ ಮೇಲೆ ಅಲ್ಲ.

ಲೀಕ್ ಟೆಸ್ಟ್ ಮಾಡದೆ ಯಾರೂ ಪವರ್ ಕೊಡುವುದಿಲ್ಲ ಎಂದುಕೊಂಡು ಅದನ್ನು ಇಲ್ಲಿ ಉದ್ದ ಮಾಡುವುದಿಲ್ಲ. ಮೊದಲು ಲೂಪಿನೊಳಗೆ ಗಾಳಿ ಒತ್ತಿ ಅರ್ಧ ಬಾರ್ ಒತ್ತಡ ನಿಲ್ಲುತ್ತದಾ ನೋಡಿ. ಆಮೇಲೆ ಬೇರೆಲ್ಲ ವೈರು ಬಿಚ್ಚಿ, ಪವರ್ ಸಪ್ಲೈಗೆ ಜಂಪರ್ (ಪಿಸಿ ಆನ್ ಮಾಡದೆಯೇ ಅದನ್ನು ಚಾಲೂ ಮಾಡುವ ತುಂಡು) ಹಾಕಿ ಪಂಪು ಮಾತ್ರ ಓಡಿಸಿ. ಪ್ರತಿ ಫಿಟ್ಟಿಂಗಿನ ಕೆಳಗೆ ಟಿಶ್ಯೂ ಪೇಪರ್ ಇರಲಿ.

ಡ್ರೇನ್ ವಾಲ್ವ್ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣವಿದೆ. ಗೆಳೆಯರೊಬ್ಬರು ಒಂದು ಅಂಗಡಿಯಲ್ಲಿ ಒಳ್ಳೆಯ ದುಡ್ಡು ಕೊಟ್ಟು ಹಾರ್ಡ್ ಟ್ಯೂಬ್ ಪಿಸಿ ಮಾಡಿಸಿದ್ದರು. ನೋಡಲು ಕಣ್ಣು ತುಂಬುವ ಕೆಲಸ. ಗ್ರಾಫಿಕ್ಸ್ ಕಾರ್ಡಿನ ಕೆಳಗಿದ್ದ ಎಸ್‌ಎಸ್‌ಡಿ ಹಾಳಾಯಿತು. ಎರಡು ಸ್ಕ್ರೂ ಬಿಚ್ಚಿ ಮುಗಿಸುವ ಕೆಲಸ ಅದು. ಕಾರ್ಡು ತೆಗೆಯಬೇಕಾದರೆ ಪೈಪು ತೆಗೆಯಬೇಕು, ಪೈಪು ತೆಗೆಯಬೇಕಾದರೆ ನೀರು ಖಾಲಿ ಮಾಡಬೇಕು, ಖಾಲಿ ಮಾಡಲು ದಾರಿಯೇ ಇಲ್ಲ. ಅಷ್ಟು ಭಾರದ ಕೇಸನ್ನು ಇಬ್ಬರು ಎತ್ತಿ ವಾಲಿಸಿ, ಕೆಳಗೆ ಪಾತ್ರೆ ಹಿಡಿದು, ಮದರ್‌ಬೋರ್ಡಿಗೆ ಬಟ್ಟೆ ಹೊದಿಸಿ ಮಾಡಬೇಕಾಯಿತು. ಅಂಗಡಿಯವರು ಒಂದು ಟಿ ಫಿಟ್ಟಿಂಗು, ಒಂದು ಬಾಲ್ ವಾಲ್ವ್ ಹಾಕಿದ್ದರೆ ಇದ್ಯಾವುದೂ ಬೇಕಿರಲಿಲ್ಲ. ಮೇಲುಗಡೆ ಗಾಳಿ ಒಳಬರಲು ಒಂದು ಪೋರ್ಟ್ ಬಿಚ್ಚುವಂತಿರಬೇಕು ಅನ್ನುವುದನ್ನೂ ಮರೆಯಬೇಡಿ. ಅದಿಲ್ಲದೆ ಕೆಳಗಿನ ವಾಲ್ವಿನಿಂದ ನೀರು ಸರಿಯಾಗಿ ಇಳಿಯುವುದಿಲ್ಲ.

ನೀರಿನಿಂದ ಕಂಪ್ಯೂಟರ್ ತಣಿಸುವುದು ಹೊಸದಲ್ಲ. ಐಬಿಎಂ 1980ರಲ್ಲಿ ತಂದ 3081 ಯಂತ್ರದಲ್ಲೇ ಅದಿತ್ತು. 2000ದ ಆಸುಪಾಸಿನ ಹವ್ಯಾಸಿಗಳು ಕಾರಿನ ಹೀಟರ್ ಕೋರನ್ನೇ ರೇಡಿಯೇಟರ್ ಮಾಡಿ, ಅಕ್ವೇರಿಯಂ ಪಂಪು ಹಾಕಿ ಓಡಿಸಿದರು. ಇವತ್ತು ಎಐ ಡೇಟಾ ಸೆಂಟರಿನ ದೊಡ್ಡ ರ‍್ಯಾಕುಗಳು, ಎನ್‌ವಿಡಿಯಾದ ಜಿಬಿ200 ಎನ್‌ವಿಎಲ್72 ಥರದವು, ದ್ರವದಿಂದಲೇ ತಣಿಯುತ್ತವೆ. ಅಲ್ಲಿ ಪೈಪು ಸೇರುವ ಕಡೆ ಕ್ವಿಕ್ ಡಿಸ್ಕನೆಕ್ಟ್, ಅಂದರೆ ನೀರು ಸೋರದೆ ಬಿಚ್ಚಬಹುದಾದ ಜೋಡಣೆ, ಇರುತ್ತದೆ. ಒಂದು ಟ್ರೇ ಕೆಟ್ಟರೆ ಇಡೀ ರ‍್ಯಾಕಿನ ನೀರು ಖಾಲಿ ಮಾಡದೆ ಎಳೆದು ತೆಗೆಯಬಹುದು. ನಮ್ಮ ಲೂಪಿಗೂ ಅಂಥ ಒಂದು ಜೋಡಿ ಹಾಕಬಹುದು, ಹಿಂಬದಿಯಲ್ಲಿ, ಅಂದ ಕೆಡದ ಹಾಗೆ. ನಾನು ಗ್ರಾಫಿಕ್ಸ್ ಕಾರ್ಡಿನ ಕಡೆ ಹಾಕುತ್ತೇನೆ. ಪದೇ ಪದೇ ಬದಲಾಗುವುದು ಅದೇ. ಕಾರ್ಡು ಬದಲಾದರೆ ಹಳೆಯ ಬ್ಲಾಕು ಹೊಸದಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ ಎಂಬುದನ್ನೂ ಕೊಳ್ಳುವ ಮುಂಚೆಯೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಹೊಸದಾಗಿ ಶುರು ಮಾಡುವವರು ಮೊದಲ ಲೂಪನ್ನು ಸಾಫ್ಟ್ ಟ್ಯೂಬಿನಲ್ಲೇ ಕಟ್ಟಿ. ವರ್ಷ ಕಳೆದ ಮೇಲೆ ನೀರು ಖಾಲಿ ಮಾಡಿ, ಬ್ಲಾಕ್ ಬಿಚ್ಚಿ, ಸಂದು ತೊಳೆದು ಮತ್ತೆ ಜೋಡಿಸಿ. ಅಷ್ಟು ಮಾಡಿದವರಿಗೆ ಎಲ್ಲೆಲ್ಲಿ ಕೈ ಹೋಗಬೇಕು, ಯಾವ ಪೈಪು ಅಡ್ಡ ಬರುತ್ತದೆ ಎಂದು ಗೊತ್ತಾಗಿರುತ್ತದೆ. ಆಮೇಲೆ ಹಾರ್ಡ್ ಟ್ಯೂಬಿಗೆ ಹೋದರೂ ಬ್ಲಾಕು, ಪಂಪು, ರೇಡಿಯೇಟರ್ ಅವೇ ಉಳಿಯುತ್ತವೆ, ಬದಲಾಗುವುದು ಪೈಪು ಮತ್ತು ಫಿಟ್ಟಿಂಗು ಮಾತ್ರ.

ರಾಯಚೂರು, ಕಲಬುರಗಿ, ಬಳ್ಳಾರಿ ಕಡೆ ಲೂಪ್ ಓಡಿಸುತ್ತಿರುವವರು ಇಲ್ಲಿ ಇದ್ದರೆ ಒಂದು ಕೋರಿಕೆ. ಬೇಸಿಗೆಯಲ್ಲಿ ನಿಮ್ಮ ನೀರಿನ ತಾಪ ಎಷ್ಟಿತ್ತು, ಪೈಪು ಯಾವುದು, ರೇಡಿಯೇಟರ್ ಎಷ್ಟು ದೊಡ್ಡದು ಎಂದು ಕಾಮೆಂಟಿನಲ್ಲಿ ಬರೆಯಿರಿ. ನನ್ನ ಅನುಭವವೆಲ್ಲ ಬೆಂಗಳೂರಿನ ಹವೆಯದ್ದು. ಆ ಕಡೆಯ ಹುಡುಗರು ಕೇಳಿದಾಗ ಕೊಡಲು ಅಲ್ಲಿಯದೇ ಅಳತೆ ಬೇಕು.